ಸುರುಳಿಯಣ್ಣ ಓದಿದ ಒಂದು ಪದ

ಸುರುಳಿಯಣ್ಣ ಕುರ್ಚಿಯಲ್ಲಿ ನೆಟ್ಟಗೆ ಐದು ನಿಮಿಷ ಕೂತದ್ದನ್ನು ಕಂಡವರು ನಮ್ಮ ವಾರ್ತಾ ಕೇಂದ್ರದಲ್ಲಿ ಯಾರೂ ಇಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಮನುಷ್ಯ. ಕ್ಯಾಂಟೀನಿನಲ್ಲಿ ಚಹಾ ತಗೊಂಡರೆ ಮೊದಲ ಗುಟುಕು ಕಿಟಕಿಯ ಹತ್ತಿರ, ಎರಡನೆಯದು ಕೈತೊಳೆಯುವ ತೊಟ್ಟಿಯ ಹತ್ತಿರ, ಕೊನೆಯದು ಮೆಟ್ಟಿಲ ಮೇಲೆ. ಲೋಟ ಎಲ್ಲಿಟ್ಟರು ಅನ್ನುವುದು ಅವರಿಗೂ ನೆನಪಿರುತ್ತಿರಲಿಲ್ಲ. ಕ್ಯಾಂಟೀನಿನವನು ಸಂಜೆ ಲೋಟ ಹುಡುಕುತ್ತಾ ಮೂರು ಮಹಡಿ ಸುತ್ತುತ್ತಿದ್ದ.

ನಾನು ಇಪ್ಪತ್ತಾರು ವರ್ಷ ಸಂಜೆ ಏಳರ ವಾರ್ತೆ ಓದಿದವಳು. ಬೀದಿಯಲ್ಲಿ ಹೋದರೆ ಜನ ನಿಂತು ನೋಡುತ್ತಾರೆ, ದನಿ ಕೇಳಿದರೆ ಆಟೋದವರೂ ಹಿಂದೆ ತಿರುಗುತ್ತಾರೆ. ನನಗೂ ಅದರ ಬಗ್ಗೆ ಸಾಕಷ್ಟು ಜಂಬವಿದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಇಪ್ಪತ್ತಾರು ವರ್ಷಗಳಲ್ಲಿ ಸುರುಳಿಯಣ್ಣ ಇಲ್ಲದೆ ನಾನು ಒಂದೇ ಒಂದು ಸಾಲನ್ನೂ ಓದಿರಲಿಲ್ಲ. ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ವಾರ್ತೆ ಓದುವವರು ಎಲ್ಲವನ್ನೂ ಬಾಯಿಪಾಠ ಮಾಡಿ ಹೇಳುತ್ತಾರೆ ಅಂತ ಈಗಲೂ ನಂಬುವವರಿದ್ದಾರೆ. ಕ್ಯಾಮೆರಾದ ಕಣ್ಣಿನ ಮುಂದೆ ಓರೆಯಾಗಿ ಒಂದು ಗಾಜು ಇರುತ್ತದೆ. ಬರಹ ಅದರ ಮೇಲೆ ಮೂಡಿ ಕೆಳಗಿನಿಂದ ಮೇಲಕ್ಕೆ ಸರಿಯುತ್ತಾ ಹೋಗುತ್ತದೆ. ಓದುವವರಿಗೆ ಅದು ಕಾಣುತ್ತದೆ, ನೋಡುವವರಿಗೆ ಕಾಣುವುದಿಲ್ಲ. ಆ ಬರಹವನ್ನು ಸರಿಸುವವನು ಒಬ್ಬ ಬೇಕು. ನಮ್ಮಲ್ಲಿ ಅವರೇ ಸುರುಳಿಯಣ್ಣ.

ನಾನು ಕೆಲಸಕ್ಕೆ ಸೇರಿದಾಗ ಅದು ನಿಜವಾಗಿಯೂ ಸುರುಳಿಯೇ ಆಗಿತ್ತು. ದಪ್ಪ ಅಕ್ಷರದ ಟೈಪ್‌ರೈಟರಿನಲ್ಲಿ ಹೊಡೆದ ಹಾಳೆಗಳನ್ನು ತುದಿಗೆ ತುದಿ ಅಂಟಿಸಿ, ಎರಡು ಮರದ ಕೋಲುಗಳಿಗೆ ಸುತ್ತಿ, ಪಕ್ಕದ ಹಿಡಿ ತಿರುಗಿಸಬೇಕಿತ್ತು. ಒಂದು ಕೋಲಿನಿಂದ ಬಿಚ್ಚಿದ್ದು ಇನ್ನೊಂದಕ್ಕೆ ಸುತ್ತಿಕೊಳ್ಳುತ್ತಿತ್ತು. ದೀಪಗಳ ಕಾವಿಗೆ ಗೋಂದು ಒಣಗಿ ಒಮ್ಮೆ ವಾರ್ತೆಯ ನಡುವೆಯೇ ಕಾಗದ ಕಿತ್ತುಬಂತು. ಸುರುಳಿಯಣ್ಣ ಹರಿದ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ಕುಕ್ಕರುಗಾಲಿನಲ್ಲಿ ಕೂತು, ಮೆಲ್ಲಮೆಲ್ಲನೆ ಎದ್ದು ನಿಂತರು. ಅವರ ಮೈ ಎದ್ದಂತೆ ಬರಹವೂ ಮೇಲೇರಿತು. ಮಂತ್ರಿಗಳ ಪ್ರವಾಸದ ಸುದ್ದಿಯನ್ನು ನಾನು ಹಾಗೆಯೇ ಓದಿ ಮುಗಿಸಿದೆ.

ಅದಕ್ಕೂ ಮುಂಚೆ ಅವರು ಎಷ್ಟು ಕೆಲಸ ಬಿಟ್ಟಿದ್ದರೋ ಲೆಕ್ಕವಿಲ್ಲ. ಲಿಫ್ಟ್ ನಡೆಸುವ ಕೆಲಸ, ಬಸ್ಸಿನ ಕಂಡಕ್ಟರ್ ಕೆಲಸ, ಗಡಿಯಾರದ ಅಂಗಡಿ. ಗಡಿಯಾರದ ಅಂಗಡಿಯಲ್ಲಿ ಒಂದೇ ವಾರ. ಕೂತು ಮಾಡುವ ಕೆಲಸ ಎಂದು ಅವರ ಅಪ್ಪ ಸೇರಿಸಿದ್ದರಂತೆ. ಇಲ್ಲಿ ಮಾತ್ರ ಮೂವತ್ತೊಂದು ವರ್ಷ ಹೇಗೆ ನಿಂತಿರಿ ಅಂತ ಕೇಳಿದ್ದಕ್ಕೆ ಅವರು, “ಇಲ್ಲಿ ಯಾವುದೂ ನಿಲ್ಲಲ್ವಲ್ಲ ಮೇಡಂ, ಅದಕ್ಕೆ” ಅಂದಿದ್ದರು.

ಇನ್ನು ನನ್ನ ವಿಷಯ. ನನಗೆ ಉಗ್ಗು ಇದೆ. ಚಿಕ್ಕಂದಿನಿಂದ ಇದೆ. ಮನೆಯಲ್ಲಿ ಅಮ್ಮ ನನ್ನ ಅರ್ಧ ವಾಕ್ಯಗಳನ್ನೆಲ್ಲ ತಾನೇ ಮುಗಿಸಿಬಿಡುತ್ತಿದ್ದಳು. ಆದರೆ ಹಾಡುವಾಗ ಉಗ್ಗು ಬರುತ್ತಿರಲಿಲ್ಲ, ಪುಸ್ತಕದ ಸಾಲಿನ ಮೇಲೆ ಬೆರಳು ಜಾರಿಸುತ್ತಾ ಓದುವಾಗಲೂ ಬರುತ್ತಿರಲಿಲ್ಲ. ಆ ಧೈರ್ಯದ ಮೇಲೆಯೇ ವಾರ್ತೆ ಓದುವ ಪರೀಕ್ಷೆಗೆ ಹೋದೆ. ಮೊದಲ ಪದವೇ ‘ಬ’ದಿಂದ ಶುರು. ಬಾಯಿ ತೆರೆದೆ, ತುಟಿ ಅಂಟಿತು. ದೀಪ ಉರಿಯುತ್ತಿದೆ, ಎಲ್ಲರೂ ನೋಡುತ್ತಿದ್ದಾರೆ. ಆಗ ಗಾಜಿನ ಮೇಲಿನ ಸಾಲು ಕೂದಲೆಳೆಯಷ್ಟು ಮೇಲಕ್ಕೆ ಜಾರಿತು. ಯಾರೋ ಬೆರಳು ಹಿಡಿದು ಎಳೆದ ಹಾಗೆ ನನ್ನ ಬಾಯಿಯೂ ಅದರ ಹಿಂದೆ ಹೋಯಿತು. ಆಮೇಲೆ ನಿಲ್ಲಲೇ ಇಲ್ಲ.

ಹೊರಗೆ ಬಂದಾಗ ಹಿಡಿ ತಿರುಗಿಸಿದ ಆ ಮನುಷ್ಯ ಮೊಣಕೈಗೆ ಅಂಟಿದ ಗೋಂದು ಕೆರೆಯುತ್ತಾ ನಿಂತಿದ್ದರು. “ಬ, ಪ. ಅಷ್ಟೇ ತಾನೆ?” ಅಂದರು. ನಾನು ತಲೆಯಾಡಿಸಿದೆ. “ಸರಿ ಬಿಡಿ” ಅಂತ ಹೇಳಿ ಎಲ್ಲಿಗೋ ಹೊರಟುಹೋದರು. ಆಮೇಲೆ ಇಪ್ಪತ್ತಾರು ವರ್ಷ ಆ ಮಾತು ಎತ್ತಲಿಲ್ಲ.

ಎತ್ತದಿದ್ದರೇನು, ಕೆಲಸ ನಡೆಯುತ್ತಲೇ ಇತ್ತು. ಬರುತ್ತಿರುವ ಸಾಲಿನಲ್ಲಿ ನನಗೆ ತೊಡಕಾಗುವ ಪದ ಇದ್ದರೆ ಅವರ ಕೈ ಮೊದಲೇ ಒಂದು ಚೂರು ನಿಧಾನವಾಗಿ, ಪದ ಎದುರಿಗೆ ಬರುತ್ತಿದ್ದಂತೆ ಮೆತ್ತಗೆ ಮೇಲಕ್ಕೆ ಒಯ್ಯುತ್ತಿತ್ತು. ಕಾಗದ ಹೋಗಿ ಪರದೆ ಬಂತು, ಹಿಡಿ ಹೋಗಿ ಅಂಗೈಯಷ್ಟಗಲದ ಚಕ್ರ ಬಂತು, ಕೈ ಮಾತ್ರ ಅದೇ. ಅವರು ರಜೆ ಹಾಕಿದ ದಿನ ನಾನೂ ತಲೆನೋವು ಅಂತ ರಜೆ ಹಾಕುತ್ತಿದ್ದೆ. ಆಫೀಸಿನಲ್ಲಿ ಗುಸುಗುಸು ಎದ್ದಿತು. ಅದು ಅವರ ಹೆಂಡತಿಯ ಕಿವಿಗೂ ಬಿದ್ದು, ಆಕೆ ನನ್ನನ್ನು ಮನೆಗೆ ಕರೆಸಿ ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕುಬಿಟ್ಟರು. “ಈ ಮನುಷ್ಯನ ಜೊತೆ ಒಂದು ಗಂಟೆ ಕೂತೋಳಿಗೆ ಪ್ರೀತಿ ಬರಲ್ಲ ಕಣಮ್ಮ, ತಲೆಸುತ್ತು ಬರತ್ತೆ” ಅಂದರು. ಅಂದಿನಿಂದ ಅವರು ನನಗೆ ಅತ್ತಿಗೆ.

ಅತ್ತಿಗೆಗೆ ಗಂಡನ ಮೇಲೆ ಒಂದೇ ದೂರು. ಜಗತ್ತಿನ ಸುದ್ದಿಯೆಲ್ಲ ಕೈಯಲ್ಲಿ ಹಾದುಹೋದರೂ ಮನೆಗೆ ಒಂದು ಸುದ್ದಿಯನ್ನೂ ತರುವುದಿಲ್ಲ. ಇವತ್ತು ಏನಾಯ್ತಂತೆ ಎಂದರೆ, “ಕೇಳಿಸಿಕೊಂಡೋರನ್ನ ಕೇಳು” ಅನ್ನುವರಂತೆ. ಅದು ನಿಜ. ಅವರು ಪದ ಕೇಳುತ್ತಿರಲಿಲ್ಲ, ನನ್ನ ಉಸಿರು ಕೇಳುತ್ತಿದ್ದರು. ಯಾವ ಸರಕಾರ ಬಿತ್ತು, ಎಲ್ಲಿ ಭೂಕಂಪ ಆಯಿತು, ಒಂದೂ ತಲೆಗೆ ಹೋಗುತ್ತಿರಲಿಲ್ಲ.

ಒಮ್ಮೆ ನಾನು ಅವರನ್ನು ವಸ್ತುಸಂಗ್ರಹಾಲಯಕ್ಕೆ ಎಳೆದುಕೊಂಡು ಹೋಗಿದ್ದೆ. ಕತ್ತಿ, ನಾಣ್ಯ, ಮಡಕೆ ಇರುವ ಆರು ಕೋಣೆಗಳನ್ನು ಬಸ್ಸು ತಪ್ಪಿಹೋಗುತ್ತದೆ ಅನ್ನುವವರ ಹಾಗೆ ದಾಟಿದರು. ಏಳನೆಯದರಲ್ಲಿ ಗಾಜಿನ ಪೆಟ್ಟಿಗೆಯೊಳಗೆ ತೊಗಲಿನ ಹಳೆಯ ಸುರುಳಿ ಇತ್ತು. ಹದಮಾಡಿದ ಚರ್ಮದ ಮೇಲೆ ಸಣ್ಣ ಅಕ್ಷರ, ಎರಡೂ ಕಡೆ ಕೋಲು. ಅದರ ಮುಂದೆ ಇಪ್ಪತ್ತು ನಿಮಿಷ ನಿಂತುಬಿಟ್ಟರು. ಕೈ ತನ್ನಷ್ಟಕ್ಕೆ ತಿರುಗುತ್ತಿತ್ತು.

“ಇದನ್ನ ಯಾರು ತಿರುಗಿಸ್ತಾರೆ?” ಅಂತ ಕಾವಲಿನವನನ್ನು ಕೇಳಿದರು.

“ಯಾರೂ ಇಲ್ಲ ಸ್ವಾಮಿ. ಮುಟ್ಟಿದ್ರೆ ಪುಡಿಯಾಗತ್ತೆ. ನಾನು ಬಂದು ಹನ್ನೆರಡು ವರ್ಷ, ಇದೇ ಸಾಲು.”

“ಹನ್ನೆರಡು ವರ್ಷ ಒಂದೇ ಸಾಲಾ?” ಸುರುಳಿಯಣ್ಣನ ಮುಖ ಬಾಡಿಹೋಯಿತು. ಹೊರಗೆ ಬಂದ ಮೇಲೂ ಅದನ್ನೇ ಗೊಣಗುತ್ತಿದ್ದರು. “ಸಾವಿರ ವರ್ಷದ ಹಿಂದೆ ಒಬ್ಬ ಅದನ್ನ ಬಿಚ್ಚುತಾ ಇದ್ದ ಮೇಡಂ. ಇನ್ನೊಬ್ಬ ಓದುತಾ ಇದ್ದ. ಬಿಚ್ಚೋನು ಕೈಬಿಟ್ಟ. ಓದೋನು ಇನ್ನೂ ಅಲ್ಲೇ ನಿಂತಿರಬೇಕು, ಪಾಪ.” ಆ ಸುರುಳಿಯ ಚಿತ್ರವಿದ್ದ ಕಾರ್ಡೊಂದನ್ನು ಕೊಂಡು ಆಫೀಸಿನ ತಮ್ಮ ಕಪಾಟಿನ ಬಾಗಿಲ ಒಳಗಡೆ ಅಂಟಿಸಿದರು.

ಹೀಗಿರುವಾಗ ಹೊಸ ಯಂತ್ರ ಬಂತು. ಅದಕ್ಕೆ ಕೈ ಬೇಡ, ಕಿವಿ ಇದೆ. ಕ್ಯಾಮೆರಾದ ಅಡಿಯಲ್ಲಿ ಸಣ್ಣದೊಂದು ಮೈಕು. ಓದುವವರ ಮಾತು ಕೇಳಿಸಿಕೊಂಡು ಬರಹವನ್ನು ತಾನೇ ಸರಿಸುತ್ತದೆ. ಓದುವವರು ನಿಂತರೆ ತಾನೂ ನಿಲ್ಲುತ್ತದೆ. ಯಾರ ಮಾತು ಅನ್ನುವುದು ಅದಕ್ಕೆ ಮುಖ್ಯವಲ್ಲ. ಮೊದಲ ದಿನ ಕ್ಯಾಮೆರಾದವನು ತಮಾಷೆಗೆ ಎರಡು ಸಾಲು ಗಟ್ಟಿಯಾಗಿ ಓದಿದ್ದಕ್ಕೆ ಬರಹ ಅವನ ಹಿಂದೆ ಓಡಿತ್ತು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನಾನು ನಿಂತರೆ ಅದು ನಿಲ್ಲುತ್ತದೆ. ಅದು ನಿಂತರೆ ನಾನು ನಿಂತೇ ಇರುತ್ತೇನೆ. ತಾಲೀಮಿನಲ್ಲಿ ಅದೇ ಆಯಿತು. ‘ಪ್ರವಾಹ’ ಅನ್ನುವ ಪದದ ಮುಂದೆ ಸಾಲು ಗೂಟ ಹೊಡೆದ ಹಾಗೆ ನಿಂತಿತು. ಬಾಯಿಗೆ ಬೀಗ ಬಿತ್ತು. ಗಂಟಲು ಒಣಗಿದೆ ಅಂತ ಸನ್ನೆ ಮಾಡಿ ನೀರು ಕುಡಿದೆ. ಸುರುಳಿಯಣ್ಣ ತಮ್ಮ ಮೇಜಿನಿಂದ ನೋಡುತ್ತಿದ್ದರು.

ಅವತ್ತು ಸಂಜೆಯ ವಾರ್ತೆಗೆ ನಾನು ಹೋಗಿ ಕೂತೆ. ದೀಪ ಹತ್ತಿತು. ಬರಹ ಹೊರಟಿತು. ಮೊದಲ ‘ಬ’ ಬರುವ ಹೊತ್ತಿಗೆ ಸಾಲು ಒಂದು ಚೂರು ನಿಧಾನವಾಯಿತು, ಆಮೇಲೆ ಮೆತ್ತಗೆ ಮೇಲಕ್ಕೆ ಜಾರಿತು. ನನಗೆ ಆ ಕೈ ಗೊತ್ತಾಗದೆ ಇರುತ್ತದೆಯೇ? ಯಂತ್ರಕ್ಕೆ ಎರಡು ದಾರಿಗಳಿದ್ದವು, ಕಿವಿಯದು ಮತ್ತು ಕೈಯದು. ಪರೀಕ್ಷೆಯ ವಾರ ಪೂರ್ತಿ ಕಿವಿಯ ದಾರಿಯಲ್ಲೇ ಇರಬೇಕು ಅಂತ ಮುಖ್ಯಸ್ಥರ ಆಜ್ಞೆ. ಸುರುಳಿಯಣ್ಣ ಅದಕ್ಕೆ ಸೊಪ್ಪು ಹಾಕದೆ ಗುಂಡಿಯನ್ನು ಕೈಯ ಕಡೆಗೆ ಒತ್ತಿ, ಮೇಜಿನ ಮೇಲೆ ದಿನಪತ್ರಿಕೆ ಹರಡಿ, ಅದರ ಕೆಳಗೆ ಚಕ್ರ ತಿರುಗಿಸುತ್ತಿದ್ದರು.

ಐದು ದಿನ ಹೀಗೆ. ನಾವಿಬ್ಬರೂ ಎಷ್ಟು ಜಾಣರೆಂದರೆ ಅದರ ಮುಂದಿನ ಹೆಜ್ಜೆಯನ್ನೇ ಯೋಚಿಸಲಿಲ್ಲ. ಮುಖ್ಯಸ್ಥರು ಪ್ರತಿ ಸಂಜೆ ಸ್ಟುಡಿಯೋದ ಮೇಲಿನ ಗಾಜಿನ ಕೋಣೆಯಲ್ಲಿ ಕೂತು ನೋಡಿದರು. ಶುಕ್ರವಾರ ಸಂಸ್ಥೆಯ ದೊಡ್ಡವರನ್ನೂ ಕರೆತಂದರು. “ನೋಡಿ, ಮೇಡಂ ಉಸಿರನ್ನೇ ಕಲಿತುಬಿಟ್ಟಿದೆ ಈ ಮಷೀನು. ಒಂದು ಕಡೆ ಎಡವಲಿಲ್ಲ” ಅಂತ ಹೊಗಳಿದರು. ದೊಡ್ಡವರು ಅಲ್ಲೇ ಸಹಿ ಹಾಕಿದರು. ಮರುದಿನ ಬೆಳಿಗ್ಗೆ ಸುರುಳಿಯಣ್ಣನ ಕೈಗೆ ಪತ್ರ ಬಂತು. ಸೋಮವಾರದಿಂದ ಅವರ ಹುದ್ದೆ ಇರುವುದಿಲ್ಲ.

ಯಂತ್ರವನ್ನು ಪಾಸು ಮಾಡಿಸಿದವರು ನಾವೇ.

ಅವತ್ತು ಕಾರಿಡಾರಿನಲ್ಲಿ ಅವರನ್ನು ಹಿಡಿದೆ. ಹಿಡಿದೆ ಅಂದರೆ ಅವರ ಜೊತೆ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ನಡೆದೆ.

“ನೀವು ಹೋಗಿ ಹೇಳಿ ಅಣ್ಣ, ಕೈಯಲ್ಲಿ ತಿರುಗಿಸಿದ್ದು ನಾನು ಅಂತ.”

“ಯಾಕೆ ತಿರುಗಿಸಿದೆ ಅಂತ ಕೇಳ್ತಾರೆ. ಏನು ಹೇಳ್ಲಿ?”

ಕಾರಿಡಾರಿನ ತುದಿ ಬಂತು, ಇಬ್ಬರೂ ತಿರುಗಿದೆವು.

“ಅದು ನನ್ನ ಮಾತಲ್ಲ ಮೇಡಂ. ನಿಮ್ಮ ಮಾತು. ಹೇಳೋದಾದ್ರೆ ನೀವೇ ಹೇಳಬೇಕು.”

“ಇಷ್ಟು ವರ್ಷ ಆದ್ಮೇಲೆ ಈಗ ಹೇಳಿದ್ರೆ ನನ್ನ ಮಾನ ಏನಾಗತ್ತೆ? ಉಗ್ಗೋಳು ವಾರ್ತೆ ಓದ್ತಿದ್ಲು ಅಂತ ಊರೆಲ್ಲ ನಗಲ್ವಾ?”

ಅವರು ನಡೆಯುವುದನ್ನು ನಿಲ್ಲಿಸಿದರು. ಸಿಟ್ಟು ಬಂದಾಗ ಮಾತ್ರ ಅವರು ನಿಲ್ಲುತ್ತಿದ್ದರು. “ಹಂಗಾದ್ರೆ ಬಿಡಿ. ನಂಗೆ ಮನೇಲಿ ಕೆಲಸ ಬೇಕಾದಷ್ಟಿದೆ” ಅಂತ ಹೇಳಿ ಮೆಟ್ಟಿಲಿಳಿದು ಹೋದರು. ಅವರ ಮನೆಯಲ್ಲಿ ಏನು ಕೆಲಸವಿದೆಯೋ ನನಗೆ ಗೊತ್ತಿತ್ತು. ಕಪಾಟನ್ನು ಈ ಗೋಡೆಯಿಂದ ಆ ಗೋಡೆಗೆ ಸರಿಸುವುದು, ಅತ್ತಿಗೆ ಬೈದ ಮೇಲೆ ಮತ್ತೆ ಈ ಗೋಡೆಗೆ ತರುವುದು.

ಭಾನುವಾರ ಪೂರ್ತಿ ನಾನು ಮನೆಯೊಳಗೆ ಗಾಣದೆತ್ತಿನ ಹಾಗೆ ಸುತ್ತಿದೆ. ಮುಖ್ಯಸ್ಥರಿಗೆ ಫೋನು ಮಾಡಲು ನಾಲ್ಕು ಸಲ ಕೈಗೆತ್ತಿಕೊಂಡೆ, ನಾಲ್ಕು ಸಲವೂ ಇಟ್ಟೆ. ನನ್ನ ಹೇಡಿತನಕ್ಕೆ ನಾನೇ ಹೆಸರುಗಳನ್ನಿಟ್ಟೆ. ಮರ್ಯಾದೆ ಅಂದೆ, ಸಂಸ್ಥೆಯ ಗೌರವ ಅಂದೆ. ನಿಜ ಹೇಳಬೇಕೆಂದರೆ, ನನ್ನ ಜಂಬ ಉಳಿಯಲಿ ಅಂತ ಅವರ ಕೆಲಸ ಹೋಗಲಿಕ್ಕೆ ಬಿಟ್ಟೆ.

ಸೋಮವಾರ ಸ್ಟುಡಿಯೋಕ್ಕೆ ಹೋದರೆ ಅವರ ಮೇಜಿನಿಂದ ಚಕ್ರವನ್ನು ಬಿಚ್ಚಿ ಒಯ್ದಿದ್ದರು. ನಾಲ್ಕು ಸ್ಕ್ರೂ ತೂತುಗಳು ಉಳಿದಿದ್ದವು. ಸುರುಳಿಯಣ್ಣನೂ ಬಂದಿದ್ದರು, ಗುರುತಿನ ಚೀಟಿ ಮತ್ತು ಕಪಾಟಿನ ಕೀಲಿ ಒಪ್ಪಿಸಲು. ಗೇಟಿನ ಕಾವಲಿನವನು ಏಳೂವರೆಗೆ ಬಂದು ಸಹಿ ಮಾಡುವವರೆಗೆ ಕೆಳಗೆ ಬೆಂಚಿನ ಮೇಲೆ ಕೂತಿರಿ ಅಂತ ಆಫೀಸಿನವರು ಅಂದಿದ್ದರಂತೆ. ಅವರನ್ನು ಬೆಂಚಿನ ಮೇಲೆ ಕೂರಿಸುವುದು ಯಾರಿಂದ ಸಾಧ್ಯ?

ಏಳು ಗಂಟೆ. ದೀಪ ಹತ್ತಿತು. ನಮಸ್ಕಾರ ಹೇಳಿದೆ. ಮೊದಲ ಸುದ್ದಿ ಹೋಯಿತು, ಎರಡನೆಯದೂ ಹೋಯಿತು. ಎದುರು ಬರುವ ಪದಗಳನ್ನು ನೋಡಿ ನೋಡಿ ಕಣ್ಣು ಉರಿಯುತ್ತಿತ್ತು. ಮೂರನೆಯ ಸುದ್ದಿಯ ಮೊದಲ ಪದ, ‘ಬಂದರು’. ಬಂದರಿನಲ್ಲಿ ಸರಕು ಇಳಿಸುವವರ ಯಾವುದೋ ಸುದ್ದಿ.

ತುಟಿ ಕೂಡಿತು. ಬಿಡಲಿಲ್ಲ.

ಸಾಲು ನಿಂತಿತು. ನಾನು ನಿಂತೆ. ಯಂತ್ರ ಬಹಳ ಮರ್ಯಾದೆಯಿಂದ ನನಗಾಗಿ ಕಾಯುತ್ತಿತ್ತು. ಒಂದು ಸೆಕೆಂಡು, ಎರಡು, ಮೂರು. ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ. ಕಿವಿಯೊಳಗಿನ ಸಾಧನದಲ್ಲಿ ಮುಖ್ಯಸ್ಥರು, “ಏನಾಯ್ತು? ಓದಿ. ಓದಿ ಮೇಡಂ” ಅನ್ನುತ್ತಿದ್ದರು. ಕ್ಯಾಮೆರಾದವನ ಮುಖ ಬಿಳಿಚಿತ್ತು. ಗಾಜಿನ ಪೆಟ್ಟಿಗೆಯೊಳಗಿನ ಆ ತೊಗಲಿನ ಸುರುಳಿ ನೆನಪಾಯಿತು. ಹನ್ನೆರಡು ವರ್ಷ ಒಂದೇ ಸಾಲು.

ಕತ್ತಲಲ್ಲಿ ಏನೋ ಅಲುಗಾಡಿತು. ಬೆಂಚಿನ ಮೇಲೆ ಕೂರಲಾಗದೆ ಮೂರು ಮಹಡಿ ಸುತ್ತಿ, ಅಭ್ಯಾಸಬಲದಿಂದ ಏಳಕ್ಕೆ ಸ್ಟುಡಿಯೋಕ್ಕೆ ಬಂದು ನಿಂತಿದ್ದರು ಸುರುಳಿಯಣ್ಣ. ಅವರ ಕೈ ಚಕ್ರವಿಲ್ಲದ ಮೇಜಿನ ಮೇಲೆ ಒಮ್ಮೆ ತಡಕಾಡಿತು, ತೂತುಗಳ ಮೇಲೆ ಆಡಿತು. ಮರುಕ್ಷಣ ಅವರು ಮೇಜಿನ ಪರದೆಯಲ್ಲಿ ನಿಂತಿದ್ದ ಸಾಲು ನೋಡಿ, ಬಗ್ಗಿ ಕ್ಯಾಮೆರಾದ ಅಡಿಗೆ ನುಗ್ಗಿ, ಯಂತ್ರದ ಕಿವಿಗೆ ಬಾಯಿಟ್ಟು, ಸ್ಪಷ್ಟವಾಗಿ ಹೇಳಿದರು:

“ಬಂದರು.”

ಸಾಲು ಜಾರಿತು. ನನ್ನ ಬಾಯಿಯೂ ಜಾರಿತು. “ಬಂದರು ಕಾರ್ಮಿಕರು ಇಂದು” ಅಂತ ಶುರುಮಾಡಿ ಕೊನೆಯವರೆಗೂ ಓದಿದೆ. ಅವರು ಕ್ಯಾಮೆರಾದ ಕೆಳಗೆ ಮಂಡಿಯೂರಿ ಕೂತೇ ಇದ್ದರು. ನನ್ನ ಓದಿನಲ್ಲಿ ‘ಬ’, ‘ಪ’ ಬರುವಲ್ಲೆಲ್ಲ ತುಟಿ ಸೇರಿಸಿ ಕಾಯುತ್ತಿದ್ದರು. ಮತ್ತೆ ಬೇಕಾಗಲಿಲ್ಲ. ಆ ಮನುಷ್ಯ ಹದಿನೆಂಟು ನಿಮಿಷ ಒಂದೇ ಕಡೆ ಕೂತಿದ್ದರು.

ದೀಪ ಆರಿದ ಕೂಡಲೇ ಮುಖ್ಯಸ್ಥರು ದಡದಡ ಇಳಿದು ಬಂದರು. ಅವರ ಹಿಂದೆ ಗಾಜಿನ ಕೋಣೆಯವರೆಲ್ಲ.

“ಯಾರದು ಆ ಗಂಡಸಿನ ದನಿ? ನೇರಪ್ರಸಾರದಲ್ಲಿ ಹೋಗಿದೆ ಗೊತ್ತಾ? ಯಾರು ಬಿಟ್ಟಿದ್ದು ಇವರನ್ನ ಒಳಗೆ?”

ಸುರುಳಿಯಣ್ಣ ಮಂಡಿ ಒರೆಸಿಕೊಳ್ಳುತ್ತಾ ಎದ್ದರು. ತಪ್ಪಾಯ್ತು ಅನ್ನಲು ಬಾಯಿ ತೆಗೆಯುತ್ತಿದ್ದರು. ನಾನು ಕುರ್ಚಿಯಿಂದ ಎದ್ದು ಅವರ ಮುಂದೆ ಬಂದು ನಿಂತೆ.

“ಸರ್, ಹೋದ ವಾರ ಆ ಮಷೀನು ಓದಿಸಿದ್ದಲ್ಲ. ಇವರು ಕೈಯಲ್ಲಿ ತಿರುಗಿಸಿದ್ದು. ನಂಗೋಸ್ಕರ. ಯಾಕಂದ್ರೆ ನಂಗೆ ಬ... ಬ...”

ಬಾಲ್ಯದಿಂದ ಅನ್ನಲು ಹೊರಟಿದ್ದೆ. ಸಿಕ್ಕಿಕೊಂಡಿತು. ಹತ್ತು ಜನ ನೋಡುತ್ತಿದ್ದರು. ನಾನು ಸುರುಳಿಯಣ್ಣನ ಕಡೆ ನೋಡಿದೆ. ಅವರಿಗೆ ಆ ಪದ ಗೊತ್ತಿತ್ತು, ಅವರ ತುಟಿಯ ಮೇಲೇ ಇತ್ತು. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಬಾಯಿ ಮುಚ್ಚಿ ನಿಂತರು. ನೋಡುತ್ತಾ ನಿಂತರು.

ಎಷ್ಟು ಹೊತ್ತಾಯಿತೋ.

“ಬಾಲ್ಯದಿಂದ ಉಗ್ಗು ಇದೆ” ಅಂದೆ. ಯಾರೂ ಎಳೆಯದೆ, ಯಾರೂ ನೂಕದೆ ನನ್ನ ಬಾಯಿಂದ ಹೊರಬಿದ್ದ ಮೊದಲ ‘ಬ’ ಅದು. ಅಲ್ಲೇ ಅತ್ತುಬಿಟ್ಟೆ.

ಮುಖ್ಯಸ್ಥರು ಬಹಳ ಹೊತ್ತು ತಲೆ ಕೆರೆದುಕೊಂಡರು. ಯಂತ್ರಕ್ಕೆ ದೊಡ್ಡವರು ಸಹಿ ಹಾಕಿಯಾಗಿತ್ತು, ವಾಪಸು ಕಳಿಸುವಂತಿರಲಿಲ್ಲ. ಕೊನೆಗೆ, “ಬೆಳಗಿನ ವಾರ್ತೆಗೆ ಮಷೀನು. ಏಳರದ್ದಕ್ಕೆ ಇವರು. ನೀವು ಆ ಕುರ್ಚಿ ಬಿಡೋವರೆಗೆ ಅಷ್ಟೇ, ಆಮೇಲೆ ಇಬ್ಬರೂ ಒಟ್ಟಿಗೆ ಹೋಗಿ” ಅಂದರು. ಮರುದಿನ ಚಕ್ರ ವಾಪಸು ಬಂತು. ಒಂದು ಸ್ಕ್ರೂ ಕಳೆದುಹೋಗಿತ್ತು, ಮೂರರ ಮೇಲೆಯೇ ನಿಂತಿತು. ವಿಷಯ ಹೊರಗೂ ಹಬ್ಬಿತು. ಬೀದಿಯಲ್ಲಿ ಜನ ನಕ್ಕರೇ ಅಂದರೆ ಕೆಲವರು ನಕ್ಕರು. ಇನ್ನು ಕೆಲವರು ಉಗ್ಗುವ ತಮ್ಮ ಮಕ್ಕಳನ್ನು ಕರೆತಂದು ನನ್ನ ಮುಂದೆ ನಿಲ್ಲಿಸಿದರು, ಆ ಮಕ್ಕಳೂ ನಾನೂ ನಿಧಾನವಾಗಿ ಮಾತಾಡಿಕೊಂಡೆವು.

ಆ ಸೋಮವಾರ ಎಲ್ಲ ಮುಗಿದ ಮೇಲೆ ಅತ್ತಿಗೆಯ ಫೋನು ಬಂತು. ಟಿವಿಯಲ್ಲಿ ಗಂಡನ ದನಿ ಕೇಳಿ ಕೈಯಲ್ಲಿದ್ದ ಪಾತ್ರೆ ಬಿಟ್ಟಿದ್ದರಂತೆ.

“ಮೂವತ್ತೊಂದು ವರ್ಷದಲ್ಲಿ ಮೊದಲ್ನೇ ಸಲ ಒಂದು ಸುದ್ದಿ ಓದಿದ್ರಲ್ಲಮ್ಮ. ಮನೆಗೆ ಬಂದ ತಕ್ಷಣ ಕೇಳಿದೆ, ಬಂದರಲ್ಲಿ ಏನಾಯ್ತಂತೆ ಅಂತ.”

“ಏನಂದ್ರು?”

“ಗೊತ್ತಿಲ್ಲ ಅಂದ್ರು. ಕಪಾಟು ಸರಿಸ್ತಾ ಇದಾರೆ.”